ಮೃತರು ನಿಮಗೆ ಏನಾಗಬೇಕು?

ನೌಕಾಪಡೆಯ ದಾಖಲೆ ಕಚೇರಿಯ ಗುಮಾಸ್ತ ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗಿಳಿಸಿ ರಿಜಿಸ್ಟರಿನ ಒಂದು ಸಾಲಿನ ಮೇಲೆ ಬೆರಳಿಟ್ಟ. "ಯುದ್ಧದಲ್ಲಿ ಆ ಹಡಗಿನ ಜೊತೆ ಮುಳುಗಿದವರಲ್ಲಿ ನಿಮ್ಮ ಚಿಕ್ಕಜ್ಜನ ಹೆಸರಿಲ್ಲಮ್ಮ. ಆದರೆ ಅದೇ ವಿಳಾಸ, ಅದೇ ತಂದೆ ಹೆಸರು ಇರೋ ಇನ್ನೊಬ್ಬರಿದ್ದಾರೆ."

ಅವಳು ಬಗ್ಗಿ ಓದಿದಳು. "ಇದು ನಮ್ಮ ಅಜ್ಜ."

"ಪಾಪ, ಅವರೂ ಹೋದರಾ?"

"ಇವತ್ತು ಬೆಳಿಗ್ಗೆ ನನ್ನ ಜೊತೆ ಜಗಳ ಆಡಿದ್ದಾರೆ. ಪೇಪರ್ ಮೊದಲು ಯಾರು ಓದಬೇಕು ಅಂತ."

ಗುಮಾಸ್ತ ರಿಜಿಸ್ಟರನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. "ನಮ್ಮ ಪ್ರಕಾರ ತೀರಿಕೊಂಡಿದ್ದಾರೆ. ಅವರಿಗೆ ಯಾರೂ ತಿಳಿಸಿಲ್ಲ ಅಂತ ಕಾಣುತ್ತೆ." ಆಮೇಲೆ ಡ್ರಾಯರಿನಿಂದ ತಿದ್ದುಪಡಿ ಅರ್ಜಿಯೊಂದನ್ನು ಹುಡುಕಿ ಕೊಟ್ಟ. ಬಂದರಿನ ಸ್ಮಾರಕದ ಗೋಡೆಗೆ ಹೆಸರು ಕೆತ್ತುವ ಕೆಲಸ ಸೋಮವಾರ ಶುರು. ಅಷ್ಟರೊಳಗೆ ಅರ್ಜಿ ಬಾರದಿದ್ದರೆ ಕಲ್ಲಿನ ಮೇಲೆ ಅಜ್ಜನೇ.

ಬದುಕೆಲ್ಲ ದರ್ಜಿಯಾಗಿದ್ದ ಅಜ್ಜ ಕಿಟಕಿಯ ಬೆಳಕಿಗೆ ಕೂತು ಅವಳ ಕೋಟಿಗೆ ಗುಂಡಿ ಹೊಲಿಯುತ್ತಿದ್ದರು.

"ಅಜ್ಜ, ನೀವು ತೀರಿಕೊಂಡು ಐವತ್ತು ವರ್ಷದ ಮೇಲಾಯ್ತಂತೆ."

"ಅದಕ್ಕೇ ಮಂಡಿ ಹಿಡ್ಕೊಳ್ತಿದೆ," ಎಂದರು ಅಜ್ಜ, ತಲೆಯೆತ್ತದೆ.

"ಅಂದ್ರೆ ನಿಮಗೆ ಗೊತ್ತಿತ್ತು. ಮತ್ತೆ ನನ್ನನ್ಯಾಕೆ ಅಲ್ಲಿಗೆ ಅಟ್ಟಿದ್ರಿ?"

"ಇಷ್ಟು ವರ್ಷದಲ್ಲಿ ಯಾರಾದರೂ ತಾವಾಗೇ ತಿದ್ದಿರಬಹುದೇನೋ ಅಂತ ಆಸೆ. ನಾನು ಸತ್ತಿದ್ದೀನಿ ಅನ್ನೋ ಕಾಗದ ಬಂದಾಗ ಸಹಿ ಹಾಕಿ ತಗೊಂಡವನೇ ನಾನು." ಸೂಜಿ ನಿಂತಿತು. "ನನ್ನ ತಮ್ಮನಿಗೆ ಆಗ ಹದಿನೈದು. ಹದಿನೆಂಟಾಗದೆ ಹಡಗಿಗೆ ತಗೊಳ್ತಿರಲಿಲ್ಲ. ನನ್ನ ಜನನ ಪತ್ರ ಕೇಳಿದ. 'ಮೂರು ವರ್ಷ ಕೊಡಣ್ಣ, ಬಂದ ಮೇಲೆ ವಾಪಸ್ ಕೊಡ್ತೀನಿ' ಅಂತ ನಕ್ಕ. ನಾನೂ ನಕ್ಕು ಕೊಟ್ಟುಬಿಟ್ಟೆ. ಅಮ್ಮನ ಹತ್ತಿರ ಮಾತ್ರ, ಅವನೇ ಪೆಟ್ಟಿಗೆಯಿಂದ ಕದ್ದ ಅಂದೆ. ತಿದ್ದಿಸೋಕೆ ಹೋಗಿದ್ದರೆ ಸುಳ್ಳು ಹೊರಬೀಳ್ತಿತ್ತಲ್ಲ."

ಅವಳು ಕೋಟನ್ನು ಪಕ್ಕಕ್ಕೆ ಸರಿಸಿ ಅವರ ಮುಂದೆ ಅರ್ಜಿ, ಪೆನ್ನು ಇಟ್ಟಳು.

ಮೃತರ ನಿಜವಾದ ಹೆಸರು ಎಂದಿದ್ದ ಕಡೆ ಅಜ್ಜ ತಮ್ಮನ ಹೆಸರನ್ನು ತುಟಿಯಲ್ಲಿ ಅಂದುಕೊಳ್ಳುತ್ತಾ ದುಂಡಗೆ ಬರೆದರು. ತಪ್ಪಾಗಲು ಕಾರಣ ಎಂದಿದ್ದ ಕಡೆ ತುಂಬಾ ಹೊತ್ತು ಪೆನ್ನು ಹಿಡಿದು ಕೂತಿದ್ದು, ಕೊನೆಗೆ 'ನಾನೇ ಕೊಟ್ಟೆ' ಎಂದು ಬರೆದರು. ಅದರ ಕೆಳಗೆ, ಮೃತರು ನಿಮಗೆ ಏನಾಗಬೇಕು ಎಂಬುದರ ಮುಂದೆ ಮಾತ್ರ ತಡಮಾಡಲಿಲ್ಲ. 'ಅಣ್ಣ' ಎಂದು ಬರೆದು ಪೆನ್ನಿಗೆ ಮುಚ್ಚಳ ಹಾಕಿದರು.

"ತಮ್ಮ ಅಲ್ವಾ, ಅಜ್ಜ?"

"ಆ ಮೂರು ವರ್ಷ ಇನ್ನೂ ಅವನ ಹತ್ತಿರಾನೇ ಇದೆಯಲ್ಲ, ಮಗಳೇ."