ಏರಿನಲ್ಲಿ ನಿಂತ ಜೀಪು

ಚಿಕ್ಕಂದಿನಲ್ಲಿ ಅಬ್ಬಾನ ಹಿಟ್ಟಿನ ಗಿರಣಿ ನಿಂತುಹೋದ ದಿನ ಮನೆ ತುಂಬಿದ್ದ ಸುಟ್ಟ ಎಣ್ಣೆಯ ವಾಸನೆ, ಗಜೇಂದ್ರಗಡದ ಏರಿನಲ್ಲಿ ಮುನಾವರನ ಮೂಗಿಗೆ ಮತ್ತೆ ಬಡಿಯಿತು. ಅವನ ಮನೆ ನಡೆಸುತ್ತಿದ್ದ ಹಳೆಯ ಪುಟ್ಟ ಜೀಪು, ಉಳ್ಳಾಗಡ್ಡಿ ಚೀಲಗಳ ಟ್ರೇಲರ್ ಎಳೆಯಲಾರದೆ ನಿಂತಿತು.

‘ನಾಲ್ಕೂ ಗಾಲಿ ಎಳೀತಾವು ಖರೇ, ಎಂಜಿನ್ ಸಣ್ಣದೈತಿ. ಹತ್ತು ಚೀಲದ ಮ್ಯಾಲ ಬ್ಯಾಡ’ ಎಂದಿದ್ದ ಜೀಪು ಮಾರಿದವನು. ಮುನಾವರ ಹತ್ತನ್ನೇ ಹೇರಿದ್ದ. ಆದರೆ ಸಂತೆಯ ದಾರಿಯಲ್ಲಿ ಕೈ ಮಾಡಿದವರಿಗೆ ಇಲ್ಲ ಎನ್ನುವುದು ಹೇಗೆ? ರಾಜೂರಿನಲ್ಲಿ ರೇಣುಕವ್ವನ ಚೀಲಗಳೂ ಏರಿದ್ದವು, ಅವಳೂ ಏರಿದ್ದಳು.

“ನನ್ನ ಚೀಲದಿಂದನ ಆತೇನೋ, ತಮ್ಮಾ?”

“ಇಲ್ಲಬೇ ಯವ್ವಾ. ಮುದಿ ಎಂಜಿನ್, ಇವತ್ತಲ್ಲ ನಾಳಿ ಹೋಗೂದ ಇತ್ತು.”

ಬಾನೆಟ್ಟಿನ ಮೇಲಿಟ್ಟ ಕೈ ಸುಡುತ್ತಿದ್ದುದು ಅವನಿಗೆ ತಿಳಿಯಲೇ ಇಲ್ಲ. ರೇಣುಕವ್ವ ಆ ಕೈಯನ್ನು ಎತ್ತಿದಳು. ತನ್ನ ಬುತ್ತಿ ಬಿಚ್ಚಿ, ತಣ್ಣನೆಯ ರೊಟ್ಟಿ-ಪಲ್ಯವನ್ನು ಆ ಅಂಗೈ ಮೇಲಿಟ್ಟಳು.