ಶನಿವಾರದ ಭಜನೆ

ಮಗಳನ್ನು ನೋಡಲು ಬಂದ ಹುಡುಗನನ್ನು ಕಂಡದ್ದೇ ಅಪ್ಪನ ಮುಖ ಬಿಳಿಚಿಕೊಂಡಿತು. ಹುಡುಗನೂ ತಲೆ ತಗ್ಗಿಸಿದ.

ಕುಡಿತ ಬಿಟ್ಟವರು ಬಿಡಲು ಹೆಣಗುವವರಿಗೆ ಹೆಗಲು ಕೊಡುವ ಶನಿವಾರದ ಕೂಟದಲ್ಲಿ ಇಬ್ಬರದೂ ಅಕ್ಕಪಕ್ಕದ ಕುರ್ಚಿ. ಬಿಟ್ಟವರು ಇವರು, ಹೆಣಗುತ್ತಿದ್ದವನು ಅವನು. ಮೊನ್ನೆಯಷ್ಟೇ "ಮತ್ತೆ ಕುಡಿದುಬಿಟ್ಟೆ ಸಾರ್" ಎಂದು ಇವರ ಕೈ ಹಿಡಿದು ಅತ್ತಿದ್ದ. ಅಲ್ಲಿ ಕೇಳಿದ್ದನ್ನು ಹೊರಗೆ ಆಡುವಂತಿಲ್ಲ. ಹೊಸಬರಿಗೆಲ್ಲ ಆ ಭರವಸೆ ಕೊಡುವವರೇ ಇವರು.

"ಗೊತ್ತಿರೋರಾ?" ಹೆಂಡತಿ ಪಿಸುಗುಟ್ಟಿದಳು.

"ಇಲ್ಲ" ಎಂದರು, ಗೋಡೆ ನೋಡುತ್ತ. ಒಳಗೆ ಮಗಳು ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದಳು. ಅಪ್ಪನಿಗೆ ನಾಚಿಕೆಯಿಂದ ಅತ್ತ ನೋಡಲಾಗಲಿಲ್ಲ.

ಮಗಳು ಕಾಫಿ ಹಿಡಿದು ಬಂದಳು. ಹುಡುಗನ ತಾಯಿ ಹಿಗ್ಗಿನಿಂದ ಶುರುಮಾಡಿದರು. "ನಮ್ಮ ಹುಡುಗನಿಗೆ ಒಂದು ಚಟ ಅಂತ ಇಲ್ಲ ನೋಡಿ. ಶನಿವಾರ ಸಂಜೆ ಆಯ್ತು ಅಂದ್ರೆ ಭಜನೆಗೆ ಹೊರಟುಬಿಡ್ತಾನೆ. ಹಳೇ ಗಿರಣಿ ಹಿಂದೆ ಹಾಲ್ ಇದೆಯಲ್ಲ, ಅಲ್ಲಿ."

"ಮನೆಯಲ್ಲಿ ನಿಜ ಹೇಳಲು ನಾಚಿಕೆಯಾದರೆ ಭಜನೆ ಅನ್ನು, ನೆಂಟರು ಕೇಳಿದರೆ ನಮ್ಮ ಮನೆಯವರೂ ಹಾಗೇ ಹೇಳೋದು" ಎಂದು ಹುಡುಗನಿಗೆ ಕಲಿಸಿದ್ದು ಅಪ್ಪನೇ.

ಮಗಳು ಲೋಟಗಳನ್ನು ಕೆಳಗಿಟ್ಟು ಅಪ್ಪನ ಕಡೆ ತಿರುಗಿದಳು.

"ಅಪ್ಪಾ, ನೀವು ಹೋಗೋ ಭಜನೇನಾ?"