ಆರುನೂರು ಪುಟ

"ಸಿಕ್ಕಿತೇನಮ್ಮ?" ಎಂದು ಬಾಗಿಲಲ್ಲೇ ಕೇಳಿದರು ಕಾದಂಬರಿಕಾರರ ಹೆಂಡತಿ.

ಹಾಳಾದ ಹಾರ್ಡ್ ಡಿಸ್ಕುಗಳ ಹೊಟ್ಟೆ ಬಗೆದು, ಕಳೆದುಹೋದದ್ದನ್ನು ಹೆಕ್ಕಿಕೊಡುವುದು ಅಂಗಡಿಯಾಕೆಯ ಕಸುಬು. ಬೆಂಕಿಗೆ ಸಿಕ್ಕಿದ್ದು, ನೀರು ಕುಡಿದದ್ದು ಎಲ್ಲವನ್ನೂ ಕಂಡವಳು. ಈ ಡಿಸ್ಕಿನ ತಟ್ಟೆಗಳನ್ನು ಬಿಚ್ಚಿ ಇನ್ನೊಂದರೊಳಗೆ ಕೂರಿಸಿ ಹದಿನೆಂಟು ದಿನ ಹೆಣಗಿದ್ದಳು. ಸಿಕ್ಕಿದ್ದನ್ನು ಒಪ್ಪಿಸಲು ನಾಲಿಗೆ ತಡವರಿಸಿದ್ದು ಮಾತ್ರ ಇದೇ ಮೊದಲು.

"ಇದು ಹೇಗೆ ಬಿತ್ತು ಅಂದ್ರಿ?"

"ಪ್ರಕಾಶಕರು ಬರೋ ಹಿಂದಿನ ದಿನ ಮೆಟ್ಟಿಲಿಂದ ಉರುಳ್ತಂತೆ. ನಾನು ಮನೇಲಿರಲಿಲ್ಲ."

ಡಿಸ್ಕಿನ ಮುಚ್ಚಳದ ಮೇಲೆ ಒಂದೇ ಕಡೆ ನಾಲ್ಕು ದುಂಡನೆಯ ತಗ್ಗುಗಳಿದ್ದವು. ಇಷ್ಟು ಗುರಿಯಿಟ್ಟು ಹೊಡೆಯುವ ಮೆಟ್ಟಿಲನ್ನು ಅವಳು ಕಂಡಿರಲಿಲ್ಲ, ಸುತ್ತಿಗೆಯನ್ನು ಕಂಡಿದ್ದಳು. ಚೆನ್ನಾಗಿರುವ ಸಂಸಾರದಲ್ಲಿ ಹುಳಿ ಹಿಂಡುವುದೇಕೆಂದು ಸುಮ್ಮನಾದಳು.

"ಆರು ವರ್ಷ ಬರೆದ್ರು, ಆರುನೂರು ಪುಟ," ಹೆಂಡತಿ ಕುರ್ಚಿ ಎಳೆದುಕೊಂಡರು. "ಆರು ವರ್ಷ ಮನೇಲಿ ಕುಕ್ಕರ್ ಕೂಗಿಸಲಿಲ್ಲ ನಾನು. ಮಕ್ಕಳಿಗೆ ಸಂಗೀತ ಹೇಳಿಕೊಡ್ತಿದ್ದೆ, ಅದನ್ನೂ ಬಿಟ್ಟೆ. ಈಗ ಅವರು ಹೋದ ಸಭೆಯಲ್ಲೆಲ್ಲ ಕಳೆದುಹೋದ ಕಾದಂಬರಿಯದೇ ಮಾತು, ಜನ ಕಣ್ಣೊರೆಸಿಕೊಳ್ತಾರೆ. ಅವರಿಗೆ ಹೇಳದೆ ತಂದಿದೀನಿ. ಅದು ಸಿಕ್ಕರೆ ನನ್ನ ಆರು ವರ್ಷಾನೂ ಸಿಕ್ಕ ಹಾಗೆ."

ಅಂಗಡಿಯಾಕೆ ಪರದೆಯನ್ನು ಅವರತ್ತ ತಿರುಗಿಸಿದಳು. ಮೊದಲ ಪುಟದಲ್ಲಿ ಕಾದಂಬರಿಯ ಹೆಸರು. ಎರಡನೆಯದರಲ್ಲಿ ಅರ್ಪಣೆ: 'ಈ ಆರುನೂರು ಪುಟಗಳಿಗೂ ಮೌನವಾಗಿ ಜೊತೆಯಾದ ನನ್ನ ಹೆಂಡತಿಗೆ.' ಮೂರನೆಯದರಲ್ಲಿ, ಅಧ್ಯಾಯ ಒಂದು: 'ಬೆಳಗಾಯಿತು.' ಅಲ್ಲಿಂದ ಮುಂದೆ ಬರೀ ಬಿಳಿ.

"ಉಳಿದದ್ದು?"

"ಇಸ್ಪೀಟಿನ ಆಟ ಅಮ್ಮ. ಹನ್ನೊಂದು ಸಾವಿರ ಸಲ ಆಡಿದ್ದಾರೆ." ಸಮಾಧಾನಕ್ಕೆಂದು ಸೇರಿಸಿದಳು, "ಗೆದ್ದಿರೋದೇ ಜಾಸ್ತಿ."

ಹೆಂಡತಿ ಬಹಳ ಹೊತ್ತು ಆ ಅರ್ಪಣೆಯನ್ನೇ ನೋಡಿದರು. ಕಣ್ಣು ತುಂಬಿ ಬಂತು, ಸಿಟ್ಟೂ ಬಂತು. ಆಮೇಲೆ ಕಣ್ಣೊರೆಸಿಕೊಂಡು ಗಂಡನಿಗೆ ಫೋನ್ ಹಚ್ಚಿ, ಅದನ್ನು ಅಂಗಡಿಯಾಕೆಯ ಮುಂದೆ ಹಿಡಿದರು.

"ಇದ್ದದ್ದೆಲ್ಲ ಸಿಕ್ಕಿದೆ ಅಂತ ಹೇಳಮ್ಮ. ಸುಳ್ಳೇನಲ್ಲವಲ್ಲ."

ಸುಳ್ಳಲ್ಲ ನಿಜ. ಅಂಗಡಿಯಾಕೆ ಹೇಳಿದಳು: "ಸಾರ್, ನಿಮ್ಮ ಹಾರ್ಡ್ ಡಿಸ್ಕನ್ನ ಅಮ್ಮಾವ್ರು ರಿಪೇರಿಗೆ ತಂದಿದ್ರು. ಇದ್ದದ್ದೆಲ್ಲ ಸಿಕ್ಕಿದೆ. ಒಂದಕ್ಷರವೂ ಹಾಳಾಗಿಲ್ಲ."

ಈಗ ತಪ್ಪೊಪ್ಪಿಕೊಳ್ಳುತ್ತಾರೆ, ಈಗ ಒಪ್ಪಿಕೊಳ್ಳುತ್ತಾರೆ ಎಂದು ಇಬ್ಬರೂ ಹೆಂಗಸರು ಫೋನಿನ ಮೇಲೆ ಬಾಗಿದರು. ಕೊನೆಗೆ ಆ ಕಡೆಯಿಂದ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು.

"ಓದಿದ್ರಾ?" ದನಿಯಲ್ಲಿ ಹೊಸ ಲೇಖಕನ ಸಂಕೋಚವಿತ್ತು. "ಓದಿಸಿಕೊಂಡು ಹೋಗುತ್ತಾ?"